ಆಯಿಯ ಉಗುರಿನ ಬಣ್ಣ

ರೊಟ್ಟಿ ಬಡಿಯುವವರು ಯಾರು ಎಂಬ ಮಾತಿನಿಂದ ಆ ಮಳೆಗಾಲದ ಮೊದಲ ಜಗಳ ಹತ್ತಿಕೊಂಡಿತು.

ತುಳಸಿಬಾಯಿ ಜೋಳದ ಹಿಟ್ಟು ನಾದಿಟ್ಟು, ಹಂಚು ಕಾಯಲಿಟ್ಟು, ಸೊಸೆಯ ದಾರಿ ನೋಡುತ್ತ ಕೂತಿದ್ದಳು. ಸೊಸೆಯೇನು ದೂರ ಹೋಗಿರಲಿಲ್ಲ. ಇದ್ದದ್ದೇ ಒಂದು ಖೋಲಿ, ಅದರ ಬಾಗಿಲ ಬೆಳಕಿಗೆ ಹತ್ತೂ ಬೆರಳು ಚಾಚಿಕೊಂಡು ಲತಾ ಅವುಗಳ ಅಂದ ನೋಡುತ್ತಿದ್ದಳು. ಬೆರಳ ತುದಿಗೆಲ್ಲ ಗುಲಾಬಿ ಬಣ್ಣ ಫಳಫಳ ಹೊಳೆಯುತ್ತಿತ್ತು.

"ಹಂಚು ಕಾದು ಹೊಗಿ ಹಾಯಾಕತ್ತೈತಿ. ಬರ್ತೀಯೋ ಇಲ್ಲೋ?"

"ಇವತ್ತೊಂದಿನ ನೀವs ಬಡೀರಿ ಅತ್ತಿ. ಈಗಷ್ಟs ಹಚ್ಚೀನಿ. ಬಿಸಿನೀರು ತಾಗಿದ್ರ ಎದ್ದು ಬರ್ತಾವ."

"ಬಣ್ಣ ಹಚ್ಚಿಕೊಂಡು ಕುಂತೀಯೇನು, ಉಣ್ಣೂ ಹೊತ್ತಿನ್ಯಾಗ?"

"ಬಣ್ಣ ಅಲ್ರಿ, ಜೆಲ್ ಪಟ್ಟಿ. ಸ್ಟಿಕ್ಕರ್ ಇದ್ದಂಗ. ಮೊದಲು ಅರ್ಧಾನs ಗಟ್ಟಿ ಇರತೈತಿ. ಉಗುರಿಗೆ ಅಂಟಿಸಿ ಕರೆಂಟಿನ ನೀಲಿ ದೀಪದಾಗ ಇಟ್ರ ಪೂರಾ ಗಟ್ಟಿ ಆಗತೈತಿ."

"ದೇವರು ಕೊಟ್ಟ ಉಗುರು ಸಾಕಾಗವಲ್ದು ನಿನಗ," ಎಂದು ತುಳಸಿಬಾಯಿ ಹಿಟ್ಟಿನ ಮುದ್ದೆಯನ್ನು ಕಲ್ಲಿನ ಮೇಲೆ ಕುಕ್ಕಿದಳು. ರೊಟ್ಟಿ ಬಡಿಯುವ ಸದ್ದು ಅಂದು ಓಣಿಯ ಕೊನೆಯ ತನಕ ಕೇಳಿತು.

ಕೊರ್ತಾಲಿಮ್ಮಿನಲ್ಲಿ, ಜುವಾರಿ ಸೇತುವೆ ಕಾಣುವ ದಿಬ್ಬದ ಕೆಳಗೆ ಇವರ ತಗಡಿನ ಖೋಲಿ. ತುಳಸಿಬಾಯಿಯ ಗಂಡ ಪರಮೇಶಪ್ಪ ಮೊದಲು ಅದಿರು ಸಾಗಿಸುವ ಬಾರ್ಜು ದೋಣಿಯಲ್ಲಿ ದುಡಿದು, ಸೊಂಟ ಬಿದ್ದ ಮೇಲೆ ಒಂದು ಕಟ್ಟಡಕ್ಕೆ ಕಾವಲು ಕೂರುತ್ತಿದ್ದ. ಮಗ ಬಾಲು ವೆರ್ಣಾದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಪಾಳಿಯ ಮೇಲೆ ಹೋಗಿ ಬರುತ್ತಿದ್ದ. ಅತ್ತೆ ಸೊಸೆ ಇಬ್ಬರೂ ಬೋಗಮಾಳೊ ಬೀಚಿನ ಮರಳಿನಲ್ಲಿ ಮಣಿಸರ, ಕಾಲುಗೆಜ್ಜೆ ಮಾರುವವರು. ಮಳೆಗಾಲದಲ್ಲಿ ಬೀಚು ಬಿಕೋ ಎನ್ನುತ್ತದೆ. ಆಗ ತುಳಸಿಬಾಯಿ ಹತ್ತಿರದ ಖಾನಾವಳಿಯಲ್ಲಿ ಪಾತ್ರೆ ತಿಕ್ಕುತ್ತಾಳೆ.

ಈ ನಾಲ್ಕು ಜನರ ಮನೆಯಲ್ಲಿ ಐದನೆಯದೂ ಒಂದಿತ್ತು, ಗೌರಿ. ಬಾಲು-ಲತಾರ ಮಗಳು. ಹೋದ ವರ್ಷ ಬೀಚಿನಲ್ಲಿ ತಾಯಿ ಗಿರಾಕಿಯ ಹಿಂದೆ ಹೋದಾಗ ಕೂಸು ಅಲೆಯ ಹಿಂದೆ ಹೋಯಿತು. ಯಾರೋ ಮೀನುಗಾರ ಕೂದಲು ಹಿಡಿದು ಎಳೆದು ತಂದು ಹಾಕಿದ. ಆ ವಾರವೇ ಲತಾ ಮಗಳನ್ನು ತಾಳಿಕೋಟಿ ಕಡೆಯ ತನ್ನ ತವರಿಗೆ ಬಿಟ್ಟು ಬಂದಳು. ಬಿಟ್ಟು ಬಂದವಳು ಮೊದಲಿನ ಲತಾ ಆಗಿ ಉಳಿಯಲಿಲ್ಲ. ಉಣ್ಣುತ್ತ ಉಣ್ಣುತ್ತ ತುತ್ತು ಕೈಯಲ್ಲೇ ಹಿಡಿದು ಕೂತುಬಿಡುವಳು.

ಜೆಲ್ ಪಟ್ಟಿಯ ಸಂಗತಿಯೂ ಹುಟ್ಟಿದ್ದು ಅಲ್ಲಿಂದಲೇ. ವಾಸ್ಕೋದಲ್ಲಿ ಸುಮಲತಾ ಎಂಬ ಧಾರವಾಡದ ಹೆಂಗಸಿನ ಬಳೆ ಅಂಗಡಿ. ಅಂಗಡಿಯ ಮೂಲೆಯಲ್ಲಿ ಕನ್ನಡಿ, ಕುರ್ಚಿ ಇಟ್ಟು ಹೆಣ್ಣುಮಕ್ಕಳ ಸಿಂಗಾರದ ಕೆಲಸವನ್ನೂ ಮಾಡಿಸುತ್ತಿದ್ದಳು. ಆ ಅಂಗಡಿಯ ಬೆನ್ನಿಗೇ ಕನ್ನಡ ಶಾಲೆ. ಲತಾಳಿಗೆ ಆ ಕುರ್ಚಿಯ ಕೆಲಸ ಸಿಕ್ಕರೆ ಗೌರಿಯನ್ನು ಕರೆತಂದು ಶಾಲೆಗೆ ಹಾಕಬಹುದು, ಬಿಟ್ಟ ಮೇಲೆ ಕಣ್ಣೆದುರೇ ಕೂರಿಸಿಕೊಳ್ಳಬಹುದು. ಸುಮಲತಾ ಒಂದೇ ಕರಾರು ಹಾಕಿದ್ದಳು.

"ಪೊಟ್ಟಣದ ಮ್ಯಾಲ ಎರಡು ವಾರ ಇರತೈತಿ ಅಂತ ಬರದೈತಿ. ಗಿರಾಕಿ ನಾಕs ದಿನಕ್ಕ ಬಂದು, ಕಿತ್ತು ಬಂತು ಅಂತ ಜಗಳಾ ತಗೀತಾರ. ದುಡಿಯೋ ಕೈಗೆ ಹಚ್ಚಿ, ನಿಲ್ಲಿಸಿ ತೋರಸು. ನಿಂತ್ರ ಕುರ್ಚಿ ನಿಂದು. ಕೂತು ಉಣ್ಣೋ ಕೈ ತಂದು ತೋರಸಬ್ಯಾಡ ಮತ್ತ."

ಲತಾಳ ಕೈಗೆ ಅವು ನಿಲ್ಲಲಿಲ್ಲ. ಮೊದಲು ತೋರುಬೆರಳಿನದು ಬುಡದಲ್ಲಿ ಎದ್ದಿತು. ಎದ್ದ ಅಂಚು ತಲೆ ಬಾಚುವಾಗ ಕೂದಲಿಗೆ ಸಿಕ್ಕಿ ಅರ್ಧ ಹರಿಯಿತು. ಬಟ್ಟೆ ಒಗೆದ ದಿನ ಎರಡು ಸಾಬೂನಿನ ನೊರೆಯಲ್ಲಿ ಹೋದವು. ಒಂದಂತೂ ಬಾಲುವಿನ ಡಬ್ಬಿಯಲ್ಲಿ ಸಿಕ್ಕಿತು, ರೊಟ್ಟಿಯ ಮಡಿಕೆಯಲ್ಲಿ. ಅವನು ಪಾಳಿ ಮುಗಿಸಿ ಬಂದವನೇ ಡಬ್ಬಿಯನ್ನು ಅವಳ ಮುಂದೆ ಒಗೆದ.

"ಪ್ಲಾಸ್ಟಿಕ್ ತಿನ್ನಸಾಕತ್ತೀಯೇನು ನನಗ? ಹುಡುಗರೆಲ್ಲ ನಕ್ಕರು."

"ಹುಡುಗರು ನಗ್ತಾರಂತ ಮಗಳನ್ನ ಅಲ್ಲೇ ಬಿಡೂಣೇನು?" ಎಂದಳು ಲತಾ.

"ಮಗಳ ಹೆಸರು ತಗದು ಬಾಯಿ ಮುಚ್ಚಸಬ್ಯಾಡ."

"ಮತ್ತ ಯಾರ ಹೆಸರು ತಗೀಲಿ?"

ಪರಮೇಶಪ್ಪ ತಟ್ಟೆಯತ್ತ ನೋಡುತ್ತಲೇ, "ಸಾರಿಗೆ ಉಪ್ಪು ಆಗೇತಿ" ಎಂದ. ಉಪ್ಪಿನ ಮಾತು ಯಾರಿಗೂ ಬೇಕಾಗಿರಲಿಲ್ಲ.

ಲತಾ ಹೊಸದಾಗಿ ಹಚ್ಚಿಕೊಂಡು ಈ ಸಲ ಯಾವ ಕೆಲಸಕ್ಕೂ ಕೈ ಹಾಕದೆ ಕೂತಳು. ತಿಕ್ಕುವುದು, ಒಗೆಯುವುದು, ನೀರು ತರುವುದು, ಎಲ್ಲ ತುಳಸಿಬಾಯಿಯ ತಲೆಯ ಮೇಲೆ ಬಿತ್ತು. ಖಾನಾವಳಿಯ ಕಡಾಯಿ ತಿಕ್ಕಿ ಬಂದವಳಿಗೆ ಮನೆಯ ಮುಸುರೆ ಕಂಡಾಗ ಮೈಯೆಲ್ಲ ಉರಿದುಹೋಗುತ್ತಿತ್ತು. ಒಂದು ದಿನ ತಡೆಯಲಾಗಲಿಲ್ಲ.

"ರಾಣಿ ಹಂಗ ಕುಂತು ಉಗುರು ಕಾಯ್ಕೊಂಡ್ರ ಅದು ದುಡಿಯೋ ಕೈ ಹೆಂಗ ಆಗತೈತಿ? ಆ ಸುಮಲತಾ ಏನು ಕುರುಡಿ ಏನು?"

ಲತಾ ಅಳತೊಡಗಿದಳು. ಸದ್ದು ಮಾಡದೆ ಅಳುವ ಹೆಂಗಸನ್ನು ಕಂಡರೆ ತುಳಸಿಬಾಯಿಗೆ ಆಗುತ್ತಿರಲಿಲ್ಲ. ಬೈಯಲಾರದೆ, ಸಮಾಧಾನ ಮಾಡಲೂ ಬಾರದೆ, ಅವಳು ಸೆರಗಿಗೆ ಕೈ ಒರೆಸಿಕೊಂಡು ಹತ್ತೂ ಬೆರಳನ್ನು ಸೊಸೆಯ ಮುಂದೆ ಚಾಚಿದಳು.

"ತಗೋ. ನನಗ ಹಚ್ಚು."

"ಏನ್ರಿ ಅತ್ತಿ?"

"ನನಗ ಹಚ್ಚು ಅಂದೆ. ಈ ಕೈ ಮ್ಯಾಲ ನಿಂತ್ರ ಯಾರ ಕೈ ಮ್ಯಾಲ ಬೇಕಾದ್ರೂ ನಿಲ್ಲತಾವ. ಲಗೂ ಮಾಡು, ನನ್ನ ಮನಸ್ಸು ತಿರುಗೂದರಾಗ."

ಆ ಮಧ್ಯಾಹ್ನ ಹೊರಗೆ ಮಳೆ ಹೊಯ್ಯುತ್ತಿತ್ತು. ಲತಾ ಫೋನಿನಲ್ಲಿ ನೋಡಿ ನೋಡಿ ಕಲಿತದ್ದನ್ನೆಲ್ಲ ಅತ್ತೆಯ ಕೈಗೆ ಮಾಡಿದಳು. ಉಗುರಿನ ಬುಡದ ಚರ್ಮವನ್ನು ಹಿಂದೆ ಸರಿಸಿದಳು. ಎಣ್ಣೆಯ ಪಸೆ ಹೋಗುವ ತನಕ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದಳು. ಉಗುರಿಗಿಂತ ಕೂದಲೆಳೆಯಷ್ಟು ಸಣ್ಣ ಪಟ್ಟಿಯನ್ನೇ ಆರಿಸಿದಳು. "ಚರ್ಮಕ್ಕ ತಾಗಿದ್ರ ಅಲ್ಲಿಂದs ಏಳ್ತಾವ್ರಿ. ನಾ ಅದs ತಪ್ಪು ಮಾಡಿದ್ದೆ." ಮೆತ್ತಗೆ ಒತ್ತಿ, ತುದಿಯಲ್ಲಿ ಮಡಚಿ, ಹೆಚ್ಚಾದದ್ದನ್ನು ಉಜ್ಜಿ ತೆಗೆದು, ಸಣ್ಣ ದೀಪದ ಕೆಳಗೆ ಬೆರಳಿಟ್ಟಾಗ ನೀಲಿ ಬೆಳಕು ಬಿತ್ತು. ತುಳಸಿಬಾಯಿಗೆ ಬೆರಳ ತುದಿ ಬಿಸಿಯಾದಂತೆ ಅನಿಸಿತು. ತನ್ನ ಕೈಯನ್ನು ಇಷ್ಟು ಹೊತ್ತು ಇನ್ನೊಬ್ಬರು ಹಿಡಿದು ಕೂತದ್ದು ಅವಳಿಗೆ ನೆನಪಿರಲಿಲ್ಲ. ನಾಚಿಕೆಯಾಯಿತು. ಖುಷಿಯೂ ಆಯಿತು.

ಸಂಜೆ ಗೌರಿಯ ಫೋನು ಬಂದಾಗ ಲತಾ ಅತ್ತೆಯ ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಆ ಕಡೆಯಿಂದ ಕೂಸು ಕಿಲಕಿಲ ನಕ್ಕಿತು. "ಆಯಿ, ನೀ ಮದುಮಗಳು ಆದಿ!" ಅಜ್ಜಿಯನ್ನು ಅದು ಆಯಿ ಎಂದೇ ಕರೆಯುತ್ತಿತ್ತು.

"ಹೌದವಾ. ಈ ಬಣ್ಣ ಹೋಗೂದರಾಗ ನಿಮ್ಮವ್ವ ಬಂದು ನಿನ್ನ ಇಲ್ಲಿಗೆ ಕರಕೊಂಡು ಬರ್ತಾಳ ನೋಡು," ಎಂದುಬಿಟ್ಟಳು ತುಳಸಿಬಾಯಿ. ಸಂತೋಷದಲ್ಲಿ ಬಾಯಿ ಹಗುರಾಗಿತ್ತು.

"ಖರೇನು?"

"ಖರೇ."

ಕೂಸಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಫೋನು ಎತ್ತಿದರೆ ಮೊದಲ ಮಾತೇ ಅದು. "ಆಯಿ, ಬಣ್ಣ ಹೋತೇನು?"

"ಇಲ್ಲವಾ, ಇನ್ನೂ ಐತಿ."

"ಲಗೂ ಹೋಗಲಿ ಆಯಿ."

ಬಣ್ಣ ಹೋಗಲೆಂದು ಅಲ್ಲಿ ಮೊಮ್ಮಗಳು, ಹೋಗದಿರಲೆಂದು ಇಲ್ಲಿ ಸೊಸೆ. ನಡುವೆ ತುಳಸಿಬಾಯಿ ಖಾನಾವಳಿಯ ಜಿಡ್ಡು ಪಾತ್ರೆಯಲ್ಲಿ ಕೈ ಅದ್ದಿ ಕೂತಿದ್ದಳು. ಆದರೆ ಅವಳ ಕೈ ಮಾತು ಉಳಿಸಿತು. ತಂತಿಯ ಜುಂಗಿನಿಂದ ಕಡಾಯಿ ತಿಕ್ಕಿದಳು, ಮಸಾಲೆ ಅರೆದಳು, ಬಿಸಿನೀರಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು. ಮೊದಲ ವಾರಕ್ಕೆ ಹೊಳಪು ಮಂಕಾಯಿತು. ಅರಿಶಿನ ಕೂತು ಗುಲಾಬಿ ಬಣ್ಣ ಕೇಸರಿಗೆ ತಿರುಗಿತು. ಬಲಗೈ ಹೆಬ್ಬೆರಳ ತುದಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ಬುಡದಲ್ಲಿ ಹೊಸ ಉಗುರು ಬೆಳೆದು ಬರಿಗೆರೆ ಕಾಣಿಸಿತು. ಅಂಟು ಮಾತ್ರ ಬಿಡಲಿಲ್ಲ. ಲತಾ ದಿನಾ ಅತ್ತೆಯ ಕೈ ಹಿಡಿದು ಒಂದೊಂದೇ ಅಂಚನ್ನು ಬೆರಳಲ್ಲಿ ಸವರಿ ನೋಡುವಳು. "ನಿಂತಾವ್ರಿ ಅತ್ತಿ," ಎನ್ನುವಳು. ಅವಳೀಗ ತಟ್ಟೆಯಲ್ಲಿದ್ದುದನ್ನೆಲ್ಲ ಉಣ್ಣುತ್ತಿದ್ದಳು.

ನಳದ ಸಾಲಿನಲ್ಲಿ ಪಕ್ಕದ ಖೋಲಿಯ ಮುಮ್ತಾಜ ಬಿಡುತ್ತಾಳೆಯೆ?

"ಏನ್ರಿ ತುಳಸಿಬಾಯಿ, ಪರಮೇಶಣ್ಣಗ ಇನ್ನೊಮ್ಮೆ ಅಕ್ಷತಿ ಹಾಕಸ್ತೀರೇನು?"

"ನಿನಗ ಹೊಟ್ಟಿಕಿಚ್ಚು. ಸೊಸಿ ಕುರ್ಚಿ ಮ್ಯಾಲ ಕುಂತ ಮ್ಯಾಲ ಬಾ, ನಿನಗೂ ಹಚ್ಚಸ್ತೀನಿ," ಎಂದು ತುಳಸಿಬಾಯಿ ಕೊಡ ಎತ್ತಿದಳು. ಎತ್ತುವಾಗ ಬೆರಳು ಎಲ್ಲರಿಗೂ ಕಾಣುವಂತೆಯೇ ಎತ್ತಿದಳು.

ಎರಡು ವಾರ ದಾಟಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ವಾಸ್ಕೋಕ್ಕೆ ಹೋದರು. ಸುಮಲತಾ ಕನ್ನಡಕ ಏರಿಸಿ, ತುಳಸಿಬಾಯಿಯ ಒರಟು ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿದಳು. ಅಂಚಿಗೆ ತನ್ನ ಉಗುರು ಹಾಕಿ ಎಬ್ಬಿಸಲೂ ನೋಡಿದಳು. ಏಳಲಿಲ್ಲ.

"ಭಾಂಡಿ ತಿಕ್ಕೂ ಕೈ ಮ್ಯಾಲ ಇಷ್ಟು ದಿನ? ಚಲೋ ಹಚ್ಚೀ ಹುಡುಗಿ. ಚೌತಿ ಮುಗದ ಕೂಡಲೇ ಒಂದು ಮದುವಿ ಐತಿ. ಮದುಮಗಳು, ಗೆಳತ್ಯಾರು, ಎಲ್ಲಾರಿಗೂ ಇದs ಬೇಕಂತ. ಮುಂಬೈದಿಂದ ಮಾಲು ತರಸೀನಿ. ಅಲ್ಲಿಂದ ಕುರ್ಚಿ ನಿಂದು."

ಅಂಗಡಿಯ ಮಾಡು ಸೋರುತ್ತಿತ್ತು. ಅದಕ್ಕೇ ಮಾಲಿನ ಪೆಟ್ಟಿಗೆಯನ್ನು ಲತಾಳ ಕೈಯಲ್ಲೇ ಕಳಿಸಿದಳು. ಬಸ್ಸಿನಲ್ಲಿ ಲತಾ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮನೆಗೆ ಬಂದು ಕರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಹಲಗೆಯ ಮೇಲೆ ಇಟ್ಟಳು.

"ಅತ್ತಿ, ಇದಕ್ಕ ನೀರು ತಾಗಬಾರದ್ರಿ. ಥಂಡಿ ಹಿಡದ್ರ ಅಂಟು ಹೋಗತೈತಿ. ಸ್ವಲ್ಪ ಕಾಳಜಿ ಮಾಡ್ರಿ."

ಕಾಳಜಿ ಮಾಡು ಎಂದು ಸೊಸೆ ಬಾಯಿಬಿಟ್ಟು ಕೇಳಿದ್ದಳು. ತುಳಸಿಬಾಯಿ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆ ವರ್ಷದ ಮಳೆ ಬಿಡುವು ಕೊಡಲಿಲ್ಲ. ಪರಮೇಶಪ್ಪನ ಟೊಪ್ಪಿಗೆಗೆ ಬೂಷ್ಟು ಬಂತು, ಚಪ್ಪಲಿಗೆ ಬಂತು. ಕಡ್ಡಿಪೆಟ್ಟಿಗೆ ಗೀರಿದರೆ ಹತ್ತುತ್ತಿರಲಿಲ್ಲ. ಚೌತಿಗೆ ಮುಂಚೆ ಒಂದು ಬೆಳಿಗ್ಗೆ, ದೇವರೇ ಕಣ್ಣು ಬಿಟ್ಟಂತೆ, ಬಿಸಿಲು ಬಿತ್ತು. ಲತಾ ಅಂಗಡಿ ತೊಳೆದು ಅಣಿ ಮಾಡಲು ವಾಸ್ಕೋಕ್ಕೆ ಹೋಗಿದ್ದಳು. ಓಣಿಯ ಹೆಂಗಸರೆಲ್ಲ ಹಾಸಿಗೆ, ಹಪ್ಪಳ, ಮೆಣಸಿನಕಾಯಿ ಹೊರಗೆ ಹಾಕಿದರು. ತುಳಸಿಬಾಯಿ ಕೌದಿಗಳನ್ನು ಹಾಕಿದಳು, ಜೋಳ ಹಾಕಿದಳು. ಆಮೇಲೆ ಹಲಗೆಯ ಮೇಲಿನ ಪೆಟ್ಟಿಗೆ ನೆನಪಾಯಿತು.

ಇಳಿಸಿ ನೋಡಿದರೆ ಕರಿ ಪ್ಲಾಸ್ಟಿಕ್ಕಿನ ಒಳಗೆಲ್ಲ ನೀರ ಹನಿ. ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಮೂಲೆಗೆ ಬಿಳಿ ಬೂಷ್ಟು ಹಿಡಿದಿತ್ತು. ಥಂಡಿ ಹಿಡಿದರೆ ಅಂಟು ಹೋಯಿತು ಎಂದಿದ್ದಳಲ್ಲ ಲತಾ! ಸೊಸೆ ಬರುವ ತನಕ ಕಾದರೆ ಬಿಸಿಲು ಎಲ್ಲಿರುತ್ತದೆ? ತುಳಸಿಬಾಯಿ ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಗಂಡನ ತೊಳೆದ ಧೋತರ ಹಾಸಿದಳು. ಪೊಟ್ಟಣಗಳನ್ನು ಒಂದೊಂದಾಗಿ ಹರಿದು, ಒಳಗಿನ ಪಟ್ಟಿಯ ಹಾಳೆಗಳನ್ನು ತೆಗೆದು, ಸಂಡಿಗೆ ಹಾಕುವಂತೆ ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ ಹರವಿದಳು. ಗುಲಾಬಿ, ಕೆಂಪು, ಬೆಳ್ಳಿಚುಕ್ಕಿಯದು. ಕೋಳಿ ಬಾರದಂತೆ ಕೋಲು ಹಿಡಿದು ಪಕ್ಕದಲ್ಲೇ ಕೂತಳು. ಮಧ್ಯಾಹ್ನ ಒಮ್ಮೆ ಎಲ್ಲವನ್ನೂ ಮಗುಚಿ ಹಾಕಿದಳು. ಸಂಜೆ ಸೊಸೆ ಬಂದು ನೋಡಿ ಏನು ಹೇಳಬಹುದು ಎಂದು ನೆನೆದು ಒಬ್ಬಳೇ ನಕ್ಕಳು.

ಲತಾ ಓಣಿಯ ತಿರುವಿನಲ್ಲಿ ಬರುವಾಗಲೇ ತುಳಸಿಬಾಯಿ ಕೂಗಿ ಹೇಳಿದಳು. "ಬಾ, ನೋಡು ಬಾ! ಎಲ್ಲಾ ಥಂಡಿ ಹಿಡದಿದ್ದವು. ಚಲೋ ಒಣಗಿಸೀನಿ. ಗರಿಗರಿ ಆಗ್ಯಾವ!"

ಲತಾ ನಿಂತಲ್ಲೇ ನಿಂತಳು. ಆಮೇಲೆ ಚಾಪೆಯ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಹಾಳೆಯನ್ನು ಎತ್ತಿಕೊಂಡಳು. ಪಟ್ಟಿಗಳು ಅಂಚಿನಲ್ಲಿ ಮುದುರಿ ಮೇಲೆದ್ದಿದ್ದವು. ಒಂದನ್ನು ಬಿಡಿಸಿ ತನ್ನ ಹೆಬ್ಬೆರಳಿಗೆ ಒತ್ತಿದಳು. ಚಟ್ ಎಂದು ಎರಡಾಯಿತು. ಇನ್ನೊಂದು ಒತ್ತಿದಳು, ಅದೂ ಮುರಿಯಿತು.

"ಯಾಕವಾ? ಇನ್ನೂ ಹಸಿ ಅದಾವೇನು?"

"ಇಲ್ರಿ," ಎಂದಳು ಲತಾ. ಅವಳ ದನಿ ಏರಲೇ ಇಲ್ಲ. "ಹಸಿ ಇರಬೇಕಿತ್ತು. ಬಿಸಲಿಗೂ ಗಟ್ಟಿ ಆಗ್ತಾವ್ರಿ ಅತ್ತಿ, ದೀಪದಾಗ ಆದಂಗ. ನಾ ನೀರಿನ ಮಾತು ಹೇಳಿದೆ. ಬಿಸಲಿನ ಮಾತು ಹೇಳಲಿಲ್ಲ."

ಸೊಸೆಯ ಮಾತು ಪೂರಾ ತಿಳಿಯುವ ಮೊದಲೇ ತುಳಸಿಬಾಯಿಯ ಕಣ್ಣೆದುರು ಬಂದದ್ದು ಗೌರಿಯ ಮುಖ. "ನೀರು ಚಿಮುಕಿಸಿದ್ರ ಮತ್ತ ಮೆತ್ತಗ ಆಗೂದಿಲ್ಲೇನು? ಬಿಸಿನೀರಾಗ ಇಟ್ರ? ಎಣ್ಣಿ ಹಚ್ಚಿದ್ರ?" ಎಂದು ಕೇಳುತ್ತಲೇ ಇದ್ದಳು. ಲತಾ ಪ್ರತಿ ಸಲವೂ ಇಲ್ಲ ಎಂದು ತಲೆಯಾಡಿಸಿ, ಒಂದೊಂದೇ ಹಾಳೆಯನ್ನು ಆರಿಸಿ ಧೋತರದಲ್ಲಿ ಗಂಟು ಕಟ್ಟಿದಳು.

ಅಂದು ಬಾಲು ಬಾಯಿಗೆ ಬಂದದ್ದನ್ನೆಲ್ಲ ಅಂದ. ಊಟದ ತಟ್ಟೆ ಗೋಡೆಗೆ ಹೋಯಿತು.

"ಗೊತ್ತಿಲ್ಲದಿದ್ರ ಸುಮ್ನ ಇರಾಕ ಬರೂದಿಲ್ಲೇನು ನಿನಗ? ಎಲ್ಲಾದ್ರಾಗೂ ಕೈ ಹಾಕಬೇಕು!"

"ಆಕಿ ಬೇಕಂತ ಮಾಡಿಲ್ಲೋ," ಎಂದ ಪರಮೇಶಪ್ಪ.

"ಬೇಕಂತ ಮಾಡಿದ್ರ ಬೈದು ಕೈ ತೊಳಕೋಬಹುದಿತ್ತು, ಅಪ್ಪ."

ತುಳಸಿಬಾಯಿ ಚೆಲ್ಲಿದ ಅನ್ನವನ್ನು ಬಳಿದು ತೆಗೆಯುತ್ತಿದ್ದಳು. ಮಗ ಬೈದದ್ದು ಅವಳಿಗೆ ಹತ್ತಲಿಲ್ಲ. ಸೊಸೆ ಒಂದು ಮಾತು ಬೈದಿದ್ದರೆ, ಕೂದಲು ಹಿಡಿದು ಎಳೆದಾಡಿದ್ದರೆ ಜೀವಕ್ಕೆ ಹಗುರಾಗುತ್ತಿತ್ತು ಎಂದುಕೊಂಡಳು. ಲತಾ ಮೂಲೆಯಲ್ಲಿ ಕೂತು ಮಣಿ ಪೋಣಿಸತೊಡಗಿದ್ದಳು.

ತುಳಸಿಬಾಯಿ ಒಬ್ಬಳೇ ವಾಸ್ಕೋಕ್ಕೆ ಹೋಗಿ ಸುಮಲತಾಳ ಕಾಲು ಹಿಡಿದಳು. "ತಪ್ಪು ನಂದ್ರಿ, ಹುಡುಗೀದಲ್ಲ." ಸುಮಲತಾ ಕೆಟ್ಟವಳೇನಲ್ಲ. ಕೂರಿಸಿ ಚಹಾ ಕೊಟ್ಟಳು. ಆದರೆ ಮದುವೆ ಚೌತಿಯ ಬೆನ್ನಿಗೇ ಇತ್ತು, ಅಷ್ಟರಲ್ಲಿ ಬೇರೆ ಮಾಲು ಬರುವಂತಿರಲಿಲ್ಲ. ಲತಾ ಫೋನಿನಲ್ಲಿ ತಿಳಿಸಿದ ಕೂಡಲೇ, ಸ್ವಂತ ಸಾಮಾನು ಇದ್ದ ಮಡಗಾಂವದ ಹುಡುಗಿಯೊಬ್ಬಳನ್ನು ಅವಳು ಗೊತ್ತು ಮಾಡಿಕೊಂಡಿದ್ದಳು. "ಒಬ್ಬಾಕೀನ ಕರದು ಕೂಡಿಸಿ ಮತ್ತ ಏಳಸಾಕ ಬರೂದಿಲ್ರಿ," ಎಂದಳು. ಎದ್ದು ಬರುವಾಗ ತುಳಸಿಬಾಯಿ ಹಿಂದಿನ ಶಾಲೆಯ ಮಕ್ಕಳ ಗಲಾಟೆ ಕೇಳದಂತೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

ಮಳೆ ನಿಂತಿತು. ಬೀಚು ತೆರೆಯಿತು. ಅತ್ತೆ ಸೊಸೆ ಮತ್ತೆ ಬುಟ್ಟಿ ಹೊತ್ತು ಬೋಗಮಾಳೊದ ಮರಳಿಗೆ ಇಳಿದರು. ತುಳಸಿಬಾಯಿಯ ಉಗುರಿನ ಪಟ್ಟಿಗಳು ಆಗಲೂ ಅಲ್ಲೇ ಇದ್ದವು. ಹೊಸ ಉಗುರು ಬೆಳೆದಂತೆ ತುದಿಯತ್ತ ಸರಿದಿದ್ದವು, ಅಷ್ಟೇ. ಅವನ್ನು ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು. ಚಾಕುವಿನಿಂದ ಕೆರೆದಳು, ಕಲ್ಲಿಗೆ ತಿಕ್ಕಿದಳು. ಕೆರೆದ ಕಡೆ ಉಗುರಿನ ಪದರೇ ಎದ್ದು ರಕ್ತ ಜಿನುಗಿತು.

"ಹಂಗ ಕೆರೀಬ್ಯಾಡ್ರಿ," ಎಂದಳು ಲತಾ. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು. "ಬೆಳದಂಗ ತಾವs ಹೋಗ್ತಾವ."

ಒಂದೊಂದಾಗಿ ಹೋದವು. ಒಂದು ಮರಳಿನಲ್ಲಿ, ಒಂದು ನಳದ ಕೆಳಗೆ. ಫೋನಿನಲ್ಲಿ ಗೌರಿ ಲೆಕ್ಕ ಹಿಡಿದಿತ್ತು. "ಇನ್ನೆಷ್ಟು ಉಳದಾವ ಆಯಿ?" ಪ್ರತಿ ಸಲ ಸಂಖ್ಯೆ ಕಡಿಮೆಯಾದಾಗ ಕೂಸು ಕುಣಿಯುವ ಸದ್ದು ಕೇಳುತ್ತಿತ್ತು. ತನ್ನ ಅಂಗಿಗಳನ್ನೆಲ್ಲ ಚೀಲದಲ್ಲಿ ತುಂಬಿಟ್ಟಿದೆಯೆಂದು ಲತಾಳ ತಾಯಿ ಹೇಳಿದಳು. ಆವತ್ತಿನಿಂದ ತುಳಸಿಬಾಯಿ ಕೆರೆಯುವುದನ್ನು ಬಿಟ್ಟಳು. ಉಗುರು ಕತ್ತರಿಸುವುದನ್ನೂ ಬಿಟ್ಟಳು. ಕೊನೆಗೆ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ತುಣುಕು ಉಳಿಯಿತು. ಅವಳು ಆ ಬೆರಳನ್ನು ಎತ್ತಿ ಹಿಡಿದು ರೊಟ್ಟಿ ಬಡಿಯುತ್ತಿದ್ದಳು, ಎತ್ತಿ ಹಿಡಿದೇ ಪಾತ್ರೆ ತಿಕ್ಕುತ್ತಿದ್ದಳು. ಲತಾ ನೋಡುತ್ತಿದ್ದಳು. ಒಂದು ದಿನ ಅತ್ತೆಯ ಮುಂದಿನಿಂದ ಮುಸುರೆ ಪಾತ್ರೆಗಳನ್ನು ತಾನೇ ಎಳೆದುಕೊಂಡಳು.

ದೀಪಾವಳಿಯ ಹಿಂದುಮುಂದಿನ ಒಂದು ಸಂಜೆ. ಲತಾ ಹಂಚಿನ ಮುಂದಿದ್ದಳು, ತುಳಸಿಬಾಯಿ ಬಡಿದು ಕೊಡುತ್ತಿದ್ದಳು. ಹಿಟ್ಟು ಒರೆಸಿಕೊಂಡು ನೋಡಿದರೆ ಹೆಬ್ಬೆರಳು ಬರಿದಾಗಿತ್ತು. ಅವಳು ಹಿಟ್ಟು ನಾದಿದ ಪರಾತದಲ್ಲಿ ಹುಡುಕಿದಳು, ಕಲ್ಲಿನ ಸುತ್ತ ನೆಲ ಸವರಿದಳು, ಬಡಿದ ರೊಟ್ಟಿಯನ್ನು ಮುರಿದು ನೋಡಿದಳು. ಆಗಲೇ ಫೋನು ಬಂತು.

"ಆಯಿ, ಬಣ್ಣ ಹೋತೇನು?"

ಲತಾಳ ಕೈ ರೊಟ್ಟಿಯ ಮೇಲೆ ನಿಂತಿತು. ತುಳಸಿಬಾಯಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಇಲ್ಲವಾ. ಇನ್ನೂ ಐತಿ."

"ಇನ್ನೂ ಐತಿ?" ಕೂಸಿನ ದನಿ ಇಳಿಯಿತು. "ಒಂದs ಇತ್ತಲ್ಲ. ಕೆರದು ತಗೀ ಆಯಿ."

"ಕೆರದೆ ನನ್ನವ್ವ. ಬರವಲ್ದು. ಭಾಳ ಗಟ್ಟಿ ಐತಿ."

ಆ ಕಡೆ ಫೋನು ಕೆಳಗಿಟ್ಟ ಸದ್ದು. ಲತಾ ಒಮ್ಮೆ ಅತ್ತೆಯ ಮುಚ್ಚಿದ ಮುಷ್ಟಿಯನ್ನು ನೋಡಿ, ಮತ್ತೆ ಹಂಚಿನತ್ತ ತಿರುಗಿದಳು. ಅಷ್ಟರಲ್ಲಿ ರೊಟ್ಟಿ ಹೊತ್ತಿ ಕರಕಾಗಿತ್ತು.